ಕಾಯಿನೀರು ಕುಡಿದ ಡಬ್ಬಿ

ನಮ್ಮ ಗಾಡಿಯ ಎಂಜಿನ್ ಇರುವುದು ನನ್ನ ಸೀಟಿನ ಕೆಳಗೆ. ಸಣ್ಣ ಡೀಸೆಲ್ ಲಾರಿ ಅದು, ಮುಂದೆ ಬಾನೆಟ್ ಇಲ್ಲ. ಎಂಜಿನ್ ನೋಡಬೇಕೆಂದರೆ ಮೊದಲು ನಾನು ಇಳಿಯಬೇಕು, ಆಮೇಲೆ ಸೀಟು ಎತ್ತಬೇಕು. ಬೇಸಿಗೆಯಲ್ಲಿ ರೊಟ್ಟಿ ಹಂಚಿನ ಮೇಲೆ ಕೂತಂತಿರುತ್ತದೆ, ಚಳಿಗಾಲದಲ್ಲಿ ಮಾತ್ರ ಹಿತ. ಹೀಗಾಗಿ ಎಂಜಿನ್ನಿನ ಸುಖದುಃಖ ಮೊದಲು ಗೊತ್ತಾಗುವುದು ನನಗೆ. ನಮ್ಮ ಮನೆಯವರು ಸ್ಟಿಯರಿಂಗ್ ಹಿಡಿದು ಏನೂ ಆಗಿಲ್ಲ ಎನ್ನುತ್ತಿರುವಾಗಲೇ ಏನೋ ಆಗಿದೆ ಎಂದು ನನ್ನ ಸೊಂಟಕ್ಕೆ ತಿಳಿದಿರುತ್ತದೆ.

ನಮ್ಮದು ಹಗ್ಗದ ವ್ಯಾಪಾರ. ದನ ಕಟ್ಟುವ ಕಣ್ಣಿ, ಎತ್ತಿನ ಮೂಗುದಾರ, ಹೊರೆ ಬಿಗಿಯುವ ಮಿಣಿ, ಈಗೀಗ ಟಾರ್ಪಾಲು ಕಟ್ಟುವ ಪ್ಲಾಸ್ಟಿಕ್ ಹಗ್ಗ. ಮನೆ ಚನ್ನಗಿರಿಯಲ್ಲಿ. ಸಂತೇಬೆನ್ನೂರು, ಹೊನ್ನಾಳಿ, ನ್ಯಾಮತಿ ಎಂದು ವಾರವೆಲ್ಲ ಸಂತೆ ತಿರುಗುತ್ತೇವೆ. ಎಲ್ಲಕ್ಕಿಂತ ದೂರದ್ದು ಜಗಳೂರು. ದೂರವಾದರೂ ಅದನ್ನು ಬಿಡುವ ಮಾತೇ ಇಲ್ಲ, ಏಕೆಂದರೆ ಅಲ್ಲಿ ಬೇವಿನ ಮರದ ಬುಡದಲ್ಲಿ ನಮಗೊಂದು ಜಾಗವಿದೆ. ನಮಗೆ ಎಂದೆ, ತಪ್ಪಾಯಿತು. ನನಗೆ. ನಮ್ಮ ಅತ್ತೆ ತಲೆಯ ಮೇಲೆ ಹಗ್ಗದ ಹೊರೆ ಹೊತ್ತು, ಬಸ್ಸು ಹಿಡಿದು ಹೋಗಿ ಸಂಪಾದಿಸಿದ ಜಾಗ ಅದು. ಮಂಡಿನೋವು ಬಂದು ಅವರು ಸಂತೆ ಬಿಟ್ಟ ದಿನ ನನ್ನನ್ನು ಆ ಬುಡದಲ್ಲಿ ಕೂರಿಸಿ, ಸುತ್ತಲಿನ ವ್ಯಾಪಾರಿಗಳಿಗೆಲ್ಲ ಕೇಳುವಂತೆ, "ಇನ್ಮ್ಯಾಲೆ ಇದು ನನ್ನ ಸೊಸೀದು" ಎಂದಿದ್ದರು. ಮಗನದು ಎನ್ನಲಿಲ್ಲ. ಮಗ ಅಲ್ಲೇ ನಿಂತು ಹಗ್ಗ ಇಳಿಸುತ್ತಿದ್ದರು. ಮದುವೆಯಲ್ಲಿ ಹಾಕಿದ ಒಡವೆಗಿಂತ ಆ ಮಾತು ನನಗೆ ದೊಡ್ಡದು.

ಸಂತೆಯಲ್ಲಿ ಜಾಗಕ್ಕೆ ಕಾಗದಪತ್ರ ಇರುವುದಿಲ್ಲ. ಕೂತವರದೇ ಜಾಗ, ಆದರೆ ಕೂರುತ್ತಲೇ ಇರಬೇಕು. ಚಹಾದವರು ಕೆಟಲ್ ಹಿಡಿದು ಮೊದಲ ಸುತ್ತು ಬರುವಷ್ಟರಲ್ಲಿ ಚೀಲ ಹಾಸಿರಬೇಕು. ಹಾಸದಿದ್ದರೆ ಆ ಸಂತೆಗೆ ಪಕ್ಕದವರು ತಮ್ಮ ಸಾಮಾನು ಹರಡಿಕೊಳ್ಳಬಹುದು. ಸತತವಾಗಿ ಮೂರು ಸಂತೆ ಹಾಗಾದರೆ ಜಾಗ ಅವರದೇ. ಆಮೇಲೆ ಜಗಳಕ್ಕೆ ನಿಂತವರನ್ನು ಇಡೀ ಸಂತೆ ನಕ್ಕು ಕಳಿಸುತ್ತದೆ. ನಮ್ಮ ಪಕ್ಕದಲ್ಲಿ ಕೂರುವವರು ಪ್ಲಾಸ್ಟಿಕ್ ಬಕೆಟ್ ಮಾರುವವರು. ಬಹಳ ಸಭ್ಯರು. ಸಭ್ಯತೆ ಎಷ್ಟೆಂದರೆ, ನಾವು ತಡವಾದ ದಿನ ತಾವಾಗಿಯೇ ಫೋನ್ ಮಾಡಿ, ನಿಮ್ಮ ಜಾಗ ನಾನು ನೋಡಿಕೊಳ್ಳುತ್ತೇನೆ, ನಿಧಾನವಾಗಿ ಬನ್ನಿ ಎನ್ನುತ್ತಾರೆ. ಅವರು ನೋಡಿಕೊಳ್ಳುವುದೆಂದರೆ ಅಲ್ಲಿ ಬಕೆಟ್ ಹರಡುವುದು.

ಇನ್ನು ಡಬ್ಬಿಯ ವಿಷಯ. ಕಳೆದ ವರ್ಷ ನಮ್ಮವರು ಫೋನಿನಲ್ಲಿ ಒಂದು ವಿಡಿಯೋ ನೋಡಿದರು. ಕಪ್ಪು ಕನ್ನಡಕ ಹಾಕಿದ ಒಬ್ಬಾತ ಡೀಸೆಲ್ ಗಾಡಿಯ ಎಂಜಿನ್ನಿಗೆ ಸಾಬೂನು ಪೆಟ್ಟಿಗೆಯಷ್ಟು ಚಿಕ್ಕ ಚಿಪ್ ಡಬ್ಬಿ ಸಿಕ್ಕಿಸಿ, ಗುಡ್ಡ ಹತ್ತಿಸಿ, ಮೇಲೆ ನಿಂತು ಕೈ ಬೀಸುತ್ತಾನೆ. ಮಾತೆಲ್ಲ ಹಿಂದಿ. ನಮ್ಮವರಿಗೆ ಹಿಂದಿ ಅರ್ಧ ಅರ್ಥವಾಗುತ್ತದೆ, ಉಳಿದರ್ಧವನ್ನು ಆಸೆಯಿಂದ ತುಂಬಿಕೊಳ್ಳುತ್ತಾರೆ. ಜಗಳೂರು ದಾರಿಯ ಏರುಗಳಲ್ಲಿ ನಮ್ಮ ಗಾಡಿ ಏದುಸಿರು ಬಿಡುವುದು, ಹಿಂದೆ ಬಂದವರೆಲ್ಲ ಹಾರ್ನ್ ಹೊಡೆದು ಮುಂದೆ ಹೋಗುವುದು ಅವರಿಗೆ ಮೊದಲಿನಿಂದಲೂ ಅವಮಾನ. ಡಬ್ಬಿ ಕೊರಿಯರ್‌ನಲ್ಲಿ ಬಂತು. ಎಂಜಿನ್ನಿನ ಒಂದು ವೈರಿನ ಜೋಡಣೆ ಬಿಚ್ಚಿ ನಡುವೆ ಅದನ್ನು ಸಿಕ್ಕಿಸಿದರು, ಅಷ್ಟೇ ಕೆಲಸ.

ಸುಳ್ಳು ಹೇಳಬಾರದು, ಮೊದಮೊದಲು ಗಾಡಿ ಹುಚ್ಚೆದ್ದು ಓಡಿತು. ಒಂದು ದಿನ ಏರಿನಲ್ಲಿ ಸರ್ಕಾರಿ ಬಸ್ಸನ್ನೇ ಹಿಂದೆ ಹಾಕಿದೆವು. ನಮ್ಮವರು ಆವತ್ತು ಊಟಕ್ಕೆ ಕೂತಾಗಲೂ ಅದನ್ನೇ ಹೇಳಿದರು. ಬಸ್ಸು ನಿಲ್ದಾಣದಲ್ಲಿ ಜನ ಹತ್ತಿಸಿಕೊಂಡು ಆಗ ತಾನೇ ಹೊರಟಿತ್ತು ಎಂದು ನಾನು ನೆನಪಿಸಲು ಹೋಗಲಿಲ್ಲ.

ಅಮಾವಾಸ್ಯೆ ಬಂತು. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡುವುದು ರೂಢಿ. ಅಲ್ಲಿಯವರೆಗೆ ಪೂಜೆಯೆಲ್ಲ ಗಾಡಿಯ ಮುಖಕ್ಕೆ, ಸ್ಟಿಯರಿಂಗಿಗೆ, ಚಕ್ರಕ್ಕೆ. ಈ ಸಲ ಹೊಸ ಡಬ್ಬಿ ಬಂದಿದೆಯಲ್ಲ, ಅದನ್ನು ಬಿಡುವುದು ಹೇಗೆ? ಸೀಟು ಎತ್ತಿ, ಡಬ್ಬಿಗೆ ವಿಭೂತಿ ಬಳಿದು, ಅರಿಸಿನ ಕುಂಕುಮವಿಟ್ಟು, ಒಂದು ಎಳೆ ಸೇವಂತಿಗೆ ಸುತ್ತಿ, ಊದುಬತ್ತಿ ಬೆಳಗಿದರು. ಕುಂಕುಮದ ಭರಣಿ ಹಿಡಿದು ನಿಂತವಳು ನಾನೇ. ಕಾಯಿ ಒಡೆದು ನೀರು ಪ್ರೋಕ್ಷಿಸಿದರು. ಪ್ರೋಕ್ಷಣೆ ಎಂದರೆ ನಾಲ್ಕು ಹನಿ. ನಮ್ಮವರದು ಕೈ ದೊಡ್ಡದು.

ಆ ವಾರವೇ ನನ್ನ ಸೊಂಟಕ್ಕೆ ಸುದ್ದಿ ಮುಟ್ಟಿತು. ಏರು ಬಂದ ಕೂಡಲೇ ಎಂಜಿನ್ ಬಿಕ್ಕಳಿಸಿತು. ಒಂದು ಸಲ ಬಿಕ್ಕಿ ಸುಮ್ಮನಾಗುವುದು, ಮತ್ತೆ ಓಡುವುದು, ಮತ್ತೆ ಬಿಕ್ಕುವುದು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಕರಿ ಹೊಗೆ. ಗ್ಯಾರೇಜಿನವರು ಇದಕ್ಕೆ ಮಿಸ್ಸಿಂಗ್ ಎನ್ನುತ್ತಾರೆ. ನಮ್ಮವರು ಡೀಸೆಲ್ ಸರಿಯಿಲ್ಲ ಎಂದು ಬಂಕಿನವರನ್ನು ಬೈದು, ಬೇರೆ ಬಂಕಿಗೆ ಹೋದರು. ಅಲ್ಲಿಯ ಡೀಸೆಲ್ಲೂ ಹಾಗೇ ಬಿಕ್ಕಿತು.

ನಮ್ಮ ಗಾಡಿ ನೋಡುವ ಮೇಸ್ತ್ರಿ ಇರುವುದು ನ್ಯಾಮತಿಯಲ್ಲಿ. ನಮ್ಮವರು ಅವರನ್ನು ಭಾಯ್ ಎನ್ನುತ್ತಾರೆ. ಭಾಯ್ ನಮ್ಮವರನ್ನು ಅಣ್ಣಾ ಎನ್ನುತ್ತಾರೆ. ಇಬ್ಬರಲ್ಲಿ ಯಾರು ದೊಡ್ಡವರೆಂದು ಇಬ್ಬರೂ ಇನ್ನೂ ಲೆಕ್ಕ ಹಾಕಿಲ್ಲ. ಭಾಯ್‌ಗೆ ತಮ್ಮ ಕಿವಿಯ ಮೇಲೆ ಬಹಳ ಅಭಿಮಾನ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಹಚ್ಚಿ, ಕಣ್ಣು ಮುಚ್ಚಿ, ಬಹಳ ಹೊತ್ತು ನಿಲ್ಲುತ್ತಾರೆ. ಕಂಪ್ಯೂಟರ್ ಸ್ಕ್ಯಾನರ್ ಅವರ ಬಳಿಯೂ ಇದೆ, ಅದು ಕಪಾಟಿನ ಮೇಲೆ ಧೂಳು ತಿನ್ನುತ್ತಿರುತ್ತದೆ.

ಇಲ್ಲೊಂದು ತೊಡಕಿತ್ತು. ವಿಡಿಯೋ ನೋಡಿದ ಹೊಸತರಲ್ಲಿ ನಮ್ಮವರು ಭಾಯ್ ಬಳಿ ಡಬ್ಬಿಯ ವಿಚಾರ ತೆಗೆದಿದ್ದರು. ಅಂಥದ್ದು ಹಾಕಿದ ಗಾಡಿಯನ್ನು ನನ್ನ ಅಂಗಡಿ ಮುಂದೆ ತರಬೇಡಿ ಎಂದು ಭಾಯ್ ಖಡಾಖಂಡಿತವಾಗಿ ಹೇಳಿದ್ದರು. ಈಗ ಯಾವ ಮುಖ ಹೊತ್ತು ಹೋಗುವುದು? ಈ ಮಾತು ನನಗೆ ಆಗ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದುದು ಇಷ್ಟೇ: ನ್ಯಾಮತಿ ಇನ್ನೇನು ಬಂತು ಎನ್ನುವಾಗ ಒಂದು ಹುಣಸೆಮರ ಸಿಗುತ್ತದೆ, ಅದರ ಎದುರಿಗೆ ಚಹಾದಂಗಡಿ. ನಮ್ಮವರು ಅಲ್ಲಿ ಗಾಡಿ ನಿಲ್ಲಿಸಿ, ನೀನು ಚಹಾ ಕುಡಿದು ಬಾ ಎನ್ನುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಹೆಂಡತಿಯ ಚಹಾದ ಚಿಂತೆ ಬಂತಲ್ಲ ಎಂದು ನಾನೂ ಖುಷಿಯಿಂದ ಇಳಿದು ಹೋಗುತ್ತಿದ್ದೆ.

ಗ್ಯಾರೇಜಿಗೆ ಹೋದರೆ ಗಾಡಿ ತನ್ನಂಥ ಸಾಧುಪ್ರಾಣಿ ಇನ್ನೊಂದಿಲ್ಲ ಎನ್ನುವಂತೆ ನಿಲ್ಲುತ್ತಿತ್ತು. ಸೀಟು ಎತ್ತುವಾಗ ನಾನು ದೂರ ಕೂತಿರುತ್ತಿದ್ದೆ, ಡಬ್ಬಿಯನ್ನು ಭಾಯ್ ನೋಡಿದ್ದಾರೆಂದೇ ತಿಳಿದಿದ್ದೆ. ಭಾಯ್ ಸ್ಕ್ರೂಡ್ರೈವರ್ ಹಚ್ಚಿ ಕೇಳಿದರು. ಫಿಲ್ಟರಿನ ಕೆಳಗಿನ ತಿರುಪು ಬಿಚ್ಚಿ ನೀರು ಸೇರಿದೆಯೇ ನೋಡಿದರು. ಪೈಪಿನಲ್ಲಿ ಗಾಳಿ ಹಿಡಿದಿದೆಯೇ ಎಂದು ಊದಿದರು. ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ಬಿಚ್ಚಿ ದಾವಣಗೆರೆಗೆ ಕಳಿಸಿ ಪರೀಕ್ಷೆ ಮಾಡಿಸಿದರು. ಕೊನೆಗೆ ತಮ್ಮ ಅಭಿಮಾನ ಬದಿಗಿಟ್ಟು ಸ್ಕ್ಯಾನರಿನ ಧೂಳೂ ಒರೆಸಿದರು. ಅದರಲ್ಲಿ ಹಳೆಯ ದೂರುಗಳೇನೋ ತೋರಿದವು, ಆದರೆ ನಮ್ಮವರು ಬ್ಯಾಟರಿ ವೈರು ಬಿಚ್ಚಿಹಾಕಿದ್ದೆ, ಅದಕ್ಕೇ ಇರಬೇಕು ಎಂದುಬಿಟ್ಟರು. ಸಂತೆಯ ಹಗ್ಗ ತುಂಬಿಕೊಂಡೇ ಊರಾಚೆಯ ಏರಿನವರೆಗೂ ಓಡಿಸಿ ನೋಡಿದ್ದಾಯಿತು. ಒಂದು ಬಿಕ್ಕೂ ಇಲ್ಲ. ವಾಪಸ್ಸು ಮನೆಗೆ ಹೊರಟು, ಅದೇ ಹುಣಸೆಮರದ ಹತ್ತಿರ ನಮ್ಮವರು ಮತ್ತೊಮ್ಮೆ ನನಗೆ ಚಹಾ ಕುಡಿಸಿ, ಹೊನ್ನಾಳಿ ದಾಟಿ ಮೊದಲ ಏರು ಹತ್ತಿದರೆ ಶುರು.

ಭಾಯ್ ಪಾಪ, ತಮ್ಮ ಕಿವಿಯ ಮೇಲೇ ಅನುಮಾನಪಟ್ಟರು. ಒಂದು ವಾರ ಹೋದಾಗ ಅಂಗಡಿಯಲ್ಲಿರಲಿಲ್ಲ, ಕಿವಿ ತೋರಿಸಲು ಶಿವಮೊಗ್ಗಕ್ಕೆ ಹೋಗಿದ್ದಾರೆಂದು ಪಕ್ಕದ ಪಂಚರ್ ಅಂಗಡಿಯವರು ಹೇಳಿದರು. ನಮ್ಮವರು ಅದನ್ನು ಕೇಳಿ ಬಹಳ ಮರುಗಿದರು. ಮರುಗಿದರೇ ಹೊರತು ಬಾಯಿ ಬಿಡಲಿಲ್ಲ.

ಗಾಡಿಗೆ ದೃಷ್ಟಿ ತಾಗಿದೆ ಎಂಬ ತೀರ್ಮಾನಕ್ಕೆ ಅವರು ಬಂದಿದ್ದರು. ಬಸ್ಸನ್ನು ಹಿಂದೆ ಹಾಕಿದ ದಿನ ಅದರ ಡ್ರೈವರ್ ನೋಡಿದ ನೋಟವೇ ಸರಿಯಿರಲಿಲ್ಲವಂತೆ. ಅಮಾವಾಸ್ಯೆಗೆ ಮಾತ್ರ ಇದ್ದ ಪೂಜೆ ಮಂಗಳವಾರಕ್ಕೂ ಬಂತು, ಆಮೇಲೆ ಶುಕ್ರವಾರಕ್ಕೂ. ಪ್ರತಿ ಪೂಜೆಗೂ ಕಾಯಿ, ಪ್ರತಿ ಕಾಯಿಯ ನೀರೂ ಡಬ್ಬಿಗೆ. ಮಿಸ್ಸಿಂಗ್ ಹೆಚ್ಚಿದಷ್ಟೂ ಪೂಜೆ ಹೆಚ್ಚಿತು, ಪೂಜೆ ಹೆಚ್ಚಿದಷ್ಟೂ ಮಿಸ್ಸಿಂಗ್ ಜೋರಾಯಿತು. ಮನೆಯಲ್ಲಿ ದಿನಾ ಕಾಯಿ ಚಟ್ನಿ ತಿಂದು ನನಗೆ ಸಾಕಾಗಿಹೋಯಿತು.

ಇದೆಲ್ಲ ನಗುವ ಮಾತಾಗಿಯೇ ಇರುತ್ತಿತ್ತು, ಜಗಳೂರು ತಪ್ಪದಿದ್ದರೆ. ಒಂದು ಸಂತೆಗೆ ಹೊರಟವರು ದಾವಣಗೆರೆ ದಾಟಿದ ಮೇಲೆ ಗಾಡಿ ಎಳೆಯದೆ ಹಿಂದಿರುಗಿದೆವು. ಮುಂದಿನ ಸಂತೆಗೆ ಬಿಕ್ಕುತ್ತ ಬಿಕ್ಕುತ್ತ ಹೋಗಿ ಸೇರುವಷ್ಟರಲ್ಲಿ ಮಧ್ಯಾಹ್ನ. ಬೇವಿನ ಬುಡದವರೆಗೂ ಬಕೆಟ್ಟುಗಳು ಸಾಲಾಗಿ ಕೂತಿದ್ದವು. ಬಕೆಟ್ಟಿನವರು ಎದ್ದು ನಿಂತು, ನನಗೆ ಕೂರಲು ಒಂದು ಬಕೆಟ್ಟನ್ನೇ ಬೋರಲು ಹಾಕಿ, ಯೋಗಕ್ಷೇಮ ವಿಚಾರಿಸಿದರು. ನನ್ನ ಜಾಗದಲ್ಲಿ ನಾನು ಅತಿಥಿ. ಕೂರಲಿಲ್ಲ. ಸಂತೆಯ ತುದಿಯಲ್ಲಿ, ಬಿಸಿಲಲ್ಲಿ, ಈರುಳ್ಳಿ ಚೀಲಗಳ ಪಕ್ಕ ಹಗ್ಗ ಹರಡಿ ಕೂತೆ. ಹಳೆಯ ಗಿರಾಕಿಗಳು ಮರದ ಬುಡಕ್ಕೆ ಹೋಗಿ, ನನ್ನನ್ನು ಕಾಣದೆ, ಸುಮ್ಮನೆ ಹೋಗುವುದು ನನಗೆ ಕಾಣುತ್ತಿತ್ತು. ಇನ್ನೊಂದು ಸಂತೆ ತಪ್ಪಿದರೆ ಮುಗಿಯಿತು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಗಾಡಿಯನ್ನು ಬೈಯಲಿಲ್ಲ, ಮಗನನ್ನೂ ಬೈಯಲಿಲ್ಲ. ಮುಂದಿನ ಸಂತೆ ಯಾವಾಗ ಎಂದು ಮಾತ್ರ ಕೇಳಿದರು.

ಆ ಸಂತೆಯ ಹಿಂದಿನ ದಿನ ಬೆಳಿಗ್ಗೆ ನಾವು ನ್ಯಾಮತಿಗೆ ಹೊರಟಾಗ ಅತ್ತೆಯೂ ಸೆರಗು ಸಿಕ್ಕಿಸಿ ನಿಂತಿದ್ದರು. ಜಗಳೂರು ಹತ್ತಿರದ ಸೊಕ್ಕೆಯಲ್ಲಿ ನನ್ನ ನಾದಿನಿಯ ಮನೆ. ಮಗಳನ್ನು ನೋಡಿ ಬಹಳ ದಿನವಾಯಿತು, ಬಸ್ಸಿಗೆ ಹೋಗಿ ಬರುತ್ತೇನೆ ಎಂದರು. ಅವಳ ಎಮ್ಮೆಗೆ ಕಟ್ಟಲು ಬೇಕು ಎಂದು ಒಂದು ಹೊರೆ ಕಣ್ಣಿ ಕೇಳಿದರು. ನನ್ನ ನಾದಿನಿಗೆ ಇರುವುದು ಒಂದೇ ಎಮ್ಮೆ, ಅದೂ ಬಡಕಲು. ಇಷ್ಟು ಕಣ್ಣಿಯಲ್ಲಿ ಅದನ್ನು ಕಟ್ಟುತ್ತಾರೋ ಸುತ್ತುತ್ತಾರೋ ಎಂದು ನಗೆಯಾಡಿ, ಕಟ್ಟಿಕೊಟ್ಟೆ.

ಹುಣಸೆಮರದ ಹತ್ತಿರ ಎಂದಿನಂತೆ ಗಾಡಿ ನಿಂತಿತು, ಎಂದಿನಂತೆ ಚಹಾದ ಮಾತು ಬಂತು. ಇಳಿದು ರಸ್ತೆ ದಾಟಿದ ಮೇಲೆ ಚಿಲ್ಲರೆ ಚೀಲ ಸೀಟಿನ ಮೇಲೇ ಬಿಟ್ಟದ್ದು ನೆನಪಾಗಿ ಹಿಂದಿರುಗಿದೆ. ನೋಡಿದರೆ ಸೀಟು ಎತ್ತಿದೆ. ನಮ್ಮವರು ಡಬ್ಬಿ ಬಿಚ್ಚಿ, ಎಳೆಮಗುವನ್ನು ಸುತ್ತುವ ಹಾಗೆ ಟವೆಲ್ಲಿನಲ್ಲಿ ಸುತ್ತುತ್ತಿದ್ದಾರೆ. ನನ್ನನ್ನು ಕಂಡು ಕೈ ಅಲ್ಲೇ ನಿಂತಿತು. ಆಗ ಎಲ್ಲ ಹೊರಬಿತ್ತು: ಭಾಯ್ ಮೊದಲೇ ಬೇಡ ಎಂದಿದ್ದು, ಪ್ರತಿಸಲ ಇಲ್ಲಿ ಬಿಚ್ಚಿ ಕುಂಕುಮ, ಕಾಯಿನೀರಿನ ಗುರುತು ಒರೆಸುವುದು, ಹೋಗುವಾಗ ಮತ್ತೆ ಸಿಕ್ಕಿಸುವುದು. ಬಿಚ್ಚಿದಾಗ ಗಾಡಿ ಸರಿಯಿರುತ್ತದಲ್ಲ, ಅಷ್ಟೂ ತಿಳಿಯಲಿಲ್ಲವೇ ಎಂದೆ. ಗಾಡಿಗೆ ಭಾಯ್ ಎಂದರೆ ಭಯ ಎಂದುಕೊಂಡಿದ್ದರಂತೆ. ಅವರಿಗೆ ಗೊತ್ತಿರಲಿಲ್ಲ ಅಂತಲ್ಲ, ಗೊತ್ತಾಗುವುದು ಬೇಕಿರಲಿಲ್ಲ.

ಇಷ್ಟು ದಿನದ ಚಹಾ ಎಲ್ಲ ಗಂಟಲಿಗೆ ಬಂದ ಹಾಗಾಯಿತು. ಒಬ್ಬ ಒಳ್ಳೆಯ ಮನುಷ್ಯ ಕಿವಿ ತೋರಿಸಿಕೊಂಡು ಬಂದರು, ನನ್ನ ಜಾಗ ಬಕೆಟ್ಟಿನ ಪಾಲಾಗುತ್ತಿದೆ, ಇವರಿಗೆ ಮುಖ ಉಳಿಸಿಕೊಳ್ಳುವ ಚಿಂತೆ. ಡಬ್ಬಿ ಇದ್ದಲ್ಲೇ ಸಿಕ್ಕಿಸಿ ಎಂದೆ. ಸಿಕ್ಕಿಸಿದರು. ಸೀಟು ಇಳಿಸಿ ಅದರ ಮೇಲೆ ಗಟ್ಟಿಯಾಗಿ ಕೂತೆ. ಗ್ಯಾರೇಜು ಬರುವ ಮುಂಚೆ ಎರಡು ಸಲ ನಿಲ್ಲಿಸಿದರು, ಬಾಳೆಹಣ್ಣು ತಗೋ ಎಂದರು, ಯಾರೋ ಪರಿಚಯದವರು ಕರೆಯುತ್ತಿದ್ದಾರೆ ನೋಡು ಎಂದರು. ನಾನು ಅಲ್ಲಾಡಲಿಲ್ಲ.

"ನಾ ಇಳಿಯಾದು ಭಾಯ್ ಹೇಳಿದ ಮ್ಯಾಲೇನೆ" ಎಂದೆ.

ಹಿಂದಿನ ದಿನ ತಾನೇ ಶುಕ್ರವಾರದ ಪೂಜೆಯಾಗಿತ್ತು. ಡಬ್ಬಿ ಹಸಿಯಾಗಿಯೇ ಇದ್ದಿರಬೇಕು, ಗಾಡಿ ಬಿಕ್ಕುತ್ತ, ಹೊಗೆ ಕಾರುತ್ತ ಗ್ಯಾರೇಜಿನ ಮುಂದೆ ಬಂದು ನಿಂತಿತು. ಭಾಯ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಎದ್ದು ನಿಂತರು. ಆ ಮುಖದ ಮೇಲೆ ಅಷ್ಟು ಸಂತೋಷವನ್ನು ನಾನು ಹಬ್ಬದ ದಿನವೂ ಕಂಡಿರಲಿಲ್ಲ. ಸ್ಕ್ರೂಡ್ರೈವರೂ ಬೇಡ, ಏನೂ ಬೇಡ, ತಮ್ಮ ಕಿವಿ ಸರಿಯಾಗಿದೆ! ಅಕ್ಕಾ, ಸ್ವಲ್ಪ ಇಳಿಯಿರಿ ಎಂದರು. ಇಳಿದೆ. ಸೀಟು ಎತ್ತಿದರು.

ಎತ್ತಿ, ಒಳಗೆ ಬಗ್ಗಿದರು. ಎಂಜಿನ್ ಪಕ್ಕದಲ್ಲಿ ಡಬ್ಬಿ ವಿಭೂತಿ ಕುಂಕುಮ ಧರಿಸಿ, ಬಾಡಿದ ಸೇವಂತಿಗೆ ಮಾಲೆ ಹಾಕಿಕೊಂಡು ಕೂತಿತ್ತು. ವೈರಿನ ಸಂದಿಗಳಿಂದ ಕಾಯಿನೀರು ಇಳಿದು, ಎಂಜಿನ್ನಿನ ಶಾಖಕ್ಕೆ ಬೆಲ್ಲದ ಪಾಕದಂತೆ ಅಂಟಿತ್ತು. ಒಳಗಿನ ತಾಮ್ರದ ಕಡ್ಡಿಗಳು ಹಸಿರುಗಟ್ಟಿದ್ದವು. ಭಾಯ್ ಕೈ ಚಾಚಿದವರು ಹಿಂದಕ್ಕೆ ತೆಗೆದುಕೊಂಡರು.

"ಅಣ್ಣಾ, ದೇವರಿಗೆ ಬಿಟ್ಟಿರೋದನ್ನ ನಾನು ಹೆಂಗೆ ಮುಟ್ಟಲಿ? ನೀವೇ ತೆಗೀರಿ" ಎಂದರು.

ಅಷ್ಟೇ ಹೇಳಿದ್ದು. ನಮ್ಮವರು ತಲೆ ಎತ್ತದೆ ಮಾಲೆ ತೆಗೆದು, ಡಬ್ಬಿ ಬಿಚ್ಚಿ, ಕೈಯಲ್ಲಿ ಹಿಡಿದು ನಿಂತರು. ಭಾಯ್ ಕಂಪನಿಯ ಜೋಡಣೆಯನ್ನೂ ಒರೆಸಿ, ಸ್ಪ್ರೇ ಹೊಡೆದು, ಒಣಗಿಸಿ, ನೇರವಾಗಿ ಸೇರಿಸಿದರು. ಕೆಲಸ ಮಾಡುತ್ತಲೇ ನನಗೆ ವಿವರಿಸಿದರು. ಡೀಸೆಲ್ ಎಷ್ಟು ಒತ್ತಡದಲ್ಲಿ ಹೋಗುತ್ತಿದೆ ಎಂದು ಎಂಜಿನ್ನಿಗೆ ತಿಳಿಸುವ ವೈರು ಅದು. ಕಂಪನಿಯದಕ್ಕೆ ನೀರು ಹೋಗದಂತೆ ರಬ್ಬರ್ ಇರುತ್ತದೆ, ಡಬ್ಬಿಯದಕ್ಕೆ ಅದೂ ಇರಲಿಲ್ಲ.

"ಈ ಡಬ್ಬಿ ಕೆಲಸಾನೇ ಎಂಜಿನ್‌ಗೆ ಸುಳ್ಳು ಹೇಳೋದು, ಅಕ್ಕಾ. ಪ್ರೆಷರ್ ಕಡಿಮೆ ಐತೆ ಅಂತೈತೆ, ಎಂಜಿನ್ ನಂಬಿ ಜಾಸ್ತಿ ಡೀಸೆಲ್ ಕುಡೀತೈತೆ. ಕಾಯಿನೀರು ಬಿದ್ದ ಮ್ಯಾಲೆ ಅದಕ್ಕೆ ಸುಳ್ಳೂ ನೆಟ್ಟಗೆ ಹೇಳಾಕೆ ಬರ್ತಿರ್ಲಿಲ್ಲ."

ನಮ್ಮವರಿಗೂ ಬರುವುದಿಲ್ಲ ಎಂದೆ. ಭಾಯ್ ನಕ್ಕರು, ಆದರೆ ನಮ್ಮವರ ಕಡೆ ನೋಡಲಿಲ್ಲ. ಅವರಿಗೆ ನಿಜವಾಗಿಯೂ ನೋವಾಗಿತ್ತು. ಹೊರಡುವಾಗ ನಮ್ಮವರು ಹತ್ತಿರ ಹೋಗಿ ಮೆಲ್ಲಗೆ ಏನೋ ಹೇಳಿದರು. ಭಾಯ್ ತಮ್ಮ ಕಿವಿಗೆ ಕೈ ಹಚ್ಚಿ, ಕೇಳಿಸಲಿಲ್ಲ, ಜೋರಾಗಿ ಹೇಳಿ ಅಣ್ಣಾ ಎಂದರು. ಪಂಚರ್ ಅಂಗಡಿಯವರಿಗೂ ಕೇಳುವಂತೆ ನಮ್ಮವರು ತಪ್ಪಾಯಿತು ಎನ್ನಬೇಕಾಯಿತು. ಆಮೇಲೆ ಇಬ್ಬರೂ ಚಹಾ ಕುಡಿದರು. ನನಗೆ ಬೇಡ ಎಂದೆ.

ಮರುದಿನ ಜಗಳೂರು. ಇನ್ನೂ ಮಬ್ಬು ಇರುವಾಗಲೇ ನಾನು ಹಗ್ಗವೆಲ್ಲ ಹೇರಿ ಸೀಟಿನ ಮೇಲೆ ಕೂತಿದ್ದೆ. ನಮ್ಮವರು ಕಾಣಲಿಲ್ಲ. ಇಣುಕಿ ನೋಡಿದರೆ ಬಕೆಟ್ಟು, ಬಟ್ಟೆ ಹಿಡಿದು ಗಾಡಿ ತೊಳೆಯುತ್ತಿದ್ದಾರೆ. ಗಾಡಿ ಸರಿಯಾಗಿದೆ, ದೇವರಿಗೆ ಒಂದು ಕಾಯಿ ಒಡೆಯದೆ ಹೋಗುವುದು ಹೇಗೆ ಎಂದರು. ಹೂವಿನವಳು ಬರುವವರೆಗೆ ಕಾದರು. ಕಾಯಿಯನ್ನು ಚಕ್ರದ ಮುಂದೆ ನೆಲಕ್ಕೆ ಒಡೆದರು, ಅಷ್ಟು ಬುದ್ಧಿ ಬಂದಿತ್ತು. ಹೊರಡುವಾಗ ಬಿಸಿಲು ಮೂಡಿತ್ತು.

ಗಾಡಿ ಒಂದು ಸಲವೂ ಬಿಕ್ಕಲಿಲ್ಲ. ಏರುಗಳಲ್ಲಿ ಹಳೆಯ ನಮ್ಮ ಗಾಡಿಯೇ ಆಗಿ ಏದುಸಿರು ಬಿಡುತ್ತ ಹತ್ತಿತು, ಬಸ್ಸುಗಳೆಲ್ಲ ಹಾರ್ನ್ ಹೊಡೆದು ಮುಂದೆ ಹೋದವು. ಬೇರೆ ದಿನವಾಗಿದ್ದರೆ ಆ ಸದ್ದು ನನಗೆ ಜೋಗುಳ. ಆವತ್ತು ಒಂದೊಂದು ಬಸ್ಸು ದಾಟಿದಾಗಲೂ ಚಹಾದವರ ಕೆಟಲ್ ಕಣ್ಣಮುಂದೆ ಬರುತ್ತಿತ್ತು. ದಾರಿಯಲ್ಲಿ ಬಕೆಟ್ಟಿನವರ ಫೋನೂ ಬರಲಿಲ್ಲ. ನೋಡಿಕೊಳ್ಳುವ ಅಗತ್ಯ ಮುಗಿಯಿತು ಎಂದು ಅರ್ಥ ಮಾಡಿಕೊಂಡೆ. ನಮ್ಮವರ ಜೊತೆ ಮಾತು ಬಿಟ್ಟಿದ್ದೆ.

ಸಂತೆಗೆ ಇಳಿದಾಗ ಚಹಾದವರು ಎದುರಿಗೇ ಸಿಕ್ಕರು. ಕೆಟಲ್ ಖಾಲಿಯಾಗಿ ಕೈಯಲ್ಲಿ ತೂಗಾಡುತ್ತಿತ್ತು. ಮೊದಲ ಸುತ್ತು ಯಾವಾಗಲೋ ಮುಗಿದಿತ್ತು. ಆದರೂ ಮರದ ಕಡೆ ನಡೆದೆ.

ಬೇವಿನ ಮರದ ಹತ್ತಿರ ಬಕೆಟ್ಟುಗಳ ಸಾಲು ಎಲ್ಲಿಗೆ ನಿಲ್ಲಬೇಕೋ ಅಲ್ಲಿಗೇ ನಿಂತಿತ್ತು. ಅದರಾಚೆ ಒಂದು ಗೋಣಿಚೀಲ ಹಾಸಿತ್ತು. ಚೀಲದ ಮೇಲೆ ಅತ್ತೆ ಕೂತಿದ್ದರು, ನೋಯುವ ಕಾಲನ್ನು ಮುಂದೆ ಚಾಚಿ. ಸೊಕ್ಕೆಯ ಎಮ್ಮೆಗೆಂದು ಒಯ್ದ ಕಣ್ಣಿಗಳು ಸುತ್ತ ಹರಡಿದ್ದವು, ಅರ್ಧ ಮಾರಾಟವೂ ಆಗಿದ್ದವು. ಬಕೆಟ್ಟಿನವರು ಬಹಳ ಸಭ್ಯರಾಗಿ ತಮ್ಮ ಕಡೆಯೇ ನೋಡಿಕೊಂಡು ಕೂತಿದ್ದರು.

ಅತ್ತೆ ಮೊದಲು ಮಗನನ್ನು ನೋಡಿದರು. ಗಾಡಿ ಬಂತೇನಪ್ಪಾ ಎಂದು ಕೇಳಿದರು. ಬಂತವ್ವ ಎಂದರು ನಮ್ಮವರು. ನಾನು ಬಸ್ಸಿಗೆ ಬಂದೆ ಎಂದರು ಅತ್ತೆ, ಅಷ್ಟೇ. ಆಮೇಲೆ ನನ್ನ ಕಡೆ ಕೈ ಚಾಚಿದರು. ಹಿಡಿದು ಎಬ್ಬಿಸಿದೆ. ಮಂಡಿ ಹಿಡಿದುಹೋಗಿತ್ತು, ನೆಟ್ಟಗೆ ನಿಲ್ಲಲು ಬಹಳ ಹೊತ್ತು ಬೇಕಾಯಿತು. ಅಷ್ಟು ಹೊತ್ತಿನಿಂದ ಅಲ್ಲಾಡದೆ ಕೂತಿದ್ದರೆಂದು ಆಗ ತಿಳಿಯಿತು.

"ಕೂತ್ಕ ಬಾರವ್ವ" ಎಂದರು. "ಜಾಗ ಬೆಚ್ಚಗೈತೆ."

ಕೂತೆ. ಎಂಜಿನ್ ಮೇಲೆ ಕೂತು ತಿರುಗುವವಳಿಗೆ ಬಿಸಿ ಹೊಸದೇನಲ್ಲ. ಆದರೆ ಆ ಚೀಲದ ಬಿಸುಪು ಮೈಗೆ ತಾಗಿದ ಕೂಡಲೇ ಕಣ್ಣು ತುಂಬಿ ಬಂತು. ಎದುರಿಗೆ ಯಾರೋ ಬಂದು ಒಂದು ಜೊತೆ ಮೂಗುದಾರ ಕೇಳಿದರು. ಎಲ್ಲಿಟ್ಟಿದ್ದೇನೆಂದು ನನಗೆ ಕಾಣಲಿಲ್ಲ, ನಮ್ಮವರೇ ಗಾಡಿಯಿಂದ ತಂದುಕೊಟ್ಟರು.